ರೊಮೇನಿಯನ್ ಭಾಷೆಯಲ್ಲಿ ‘ಟೈಮ್’ಗೆ ಏನಂತಾರೆ?

ಪ್ರಶ್ನೆ: ರೊಮೇನಿಯನ್ ಕಲಿಯಲು ಶುರು ಮಾಡಿದ್ದೇನೆ. ನಿಘಂಟಿನಲ್ಲಿ ‘ಟೈಮ್’ ಅಂತ ಹುಡುಕಿದರೆ ತಿಂಪ್, ವ್ರೆಮೆ, ಓರ, ಚಾಸ್, ದಾತ ಅಂತ ಒಂದರ ಹಿಂದೆ ಒಂದು ಪದ ಬರುತ್ತವೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಇಲ್ಲಿ ಗೋಜಲು ಮಾಡುತ್ತಿರುವುದು ಇಂಗ್ಲಿಷಿನ ‘ಟೈಮ್’. ಹೊತ್ತು, ಗಂಟೆ, ಸಲ, ಕಾಲ ಎಲ್ಲಕ್ಕೂ ಅಲ್ಲಿ ಅದೊಂದೇ ಪದ ಸಾಕು. ನೀವು ಹೇಳಬೇಕಾದ ಮಾತನ್ನು ಮೊದಲು ಕನ್ನಡದಲ್ಲಿ ಅಂದುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ದಾರಿಯಲ್ಲಿ ಯಾರನ್ನಾದರೂ ಟೈಮ್ ಕೇಳಬೇಕು ಅಂದುಕೊಳ್ಳಿ. ‘ಕಿತ್ ಯೆ ಚಾಸುಲ್?’ ಅನ್ನಬೇಕು. ಕಿತ್ ಅಂದರೆ ಎಷ್ಟು, ಚಾಸ್ ಅಂದರೆ ಗಡಿಯಾರ. ನಾವು ‘ಗಂಟೆ ಎಷ್ಟು?’ ಅನ್ನುವ ಹಾಗೇ ಅಲ್ವಾ! (ಕೊನೆಯ ‘ಉಲ್’ ಇಂಗ್ಲಿಷಿನ ‘ದಿ’ ಮಾಡುವ ಕೆಲಸ ಮಾಡುತ್ತದೆ. ರೊಮೇನಿಯನ್‌ನಲ್ಲಿ ಅದು ಪದದ ಹಿಂದೆ ಅಂಟಿಕೊಳ್ಳುತ್ತದೆ.) ಐದೂವರೆಗೆ ‘ಚಿಂಚ್ ಶಿ ಝುಮತಾತೆ’, ಅಂದರೆ ಐದು ಮತ್ತು ಅರ್ಧ. ಐದೂಮುಕ್ಕಾಲಿಗೆ ಮಾತ್ರ ಅವರು ಮುಂದಿನ ಗಂಟೆಯಿಂದ ಕಳೆಯುತ್ತಾರೆ: ‘ಶಾಸೆ ಫರ ಉನ್ ಸ್ಫೆರ್ತ್’, ಆರಕ್ಕೆ ಕಾಲು ಗಂಟೆ ಕಮ್ಮಿ. ರೈಲು ಎಷ್ಟು ಗಂಟೆಗೆ ಅಂತ ಕೇಳುವಾಗ ಚಾಸ್ ಬೇಡ, ಓರ ಬೇಕು: ‘ಲಾ ಚೆ ಓರ?’

ತಿಂಪ್ ಸುಲಭ. ಹೊತ್ತು, ಬಿಡುವು ಅನ್ನುವ ಕಡೆಯೆಲ್ಲ ಅದೇ. ‘ನಾಮ್ ತಿಂಪ್’ ಅಂದರೆ ನನಗೆ ಪುರುಸೊತ್ತಿಲ್ಲ. ‘ಕಿತ್ ತಿಂಪ್?’ ಅಂದರೆ ಎಷ್ಟು ಹೊತ್ತು.

ಜನ ಜಾಸ್ತಿ ಎಡವುವುದು ‘ಸಲ’ದ ಹತ್ತಿರ. ಅಲ್ಲಿ ತಿಂಪ್ ಹಾಕಿದರೆ ಪೂರ್ತಿ ತಪ್ಪಾಗುತ್ತದೆ. ಒಂದು ಸಲ ಅನ್ನಲು ‘ಓ ದಾತ’. ಎರಡು ಸಲ ಅಂದ ಕೂಡಲೇ ಪದವೇ ಬದಲಾಗುತ್ತದೆ: ‘ದೆ ದೋವ ಓರ್’. ಮೂರು ಸಲ ‘ದೆ ತ್ರೇಯ್ ಓರ್’. ಮೊದಲನೇ ಸಲ ಅನ್ನಲು ‘ಪ್ರೀಮ ದಾತ’ ಅಂದರೂ ಸರಿ, ‘ಪ್ರೀಮ ವಾರ’ ಅಂದರೂ ಸರಿ. ಈ ‘ವಾರ’ ಕಿವಿಗೆ ಹೆಚ್ಚು ಕಡಿಮೆ ನಮ್ಮ ವಾರದ ಹಾಗೇ ಕೇಳಿಸುತ್ತದೆ, ಆದರೆ ಅದು ಲ್ಯಾಟಿನ್‌ನಿಂದ ಬಂದ ಪದ, ಓರದ ಒಡಹುಟ್ಟು. ಅದರದೇ ಬಹುವಚನ ಓರ್. ಮಗ್ಗಿ ಹೇಳುವಾಗಲೂ ಓರ್ ಬರುತ್ತದೆ. ಎರಡೆರಡ್ಲ ನಾಲ್ಕು ಅನ್ನಲು ‘ದೊಯ್ ಓರ್ ದೊಯ್ ಫಾಕ್ ಪಾತ್ರು’. ಇವನ್ನು ನಿಯಮವಾಗಿ ಕಲಿಯುವ ಬದಲು ಬಾಯಿಪಾಠ ಮಾಡಿಬಿಡಿ. ಇನ್ನೊಂದು ಎಚ್ಚರ: ದಾತ ಅಂದರೆ ತಾರೀಕು ಕೂಡ ಹೌದು.

ವ್ರೆಮೆ ನನಗೆ ಬಲು ಇಷ್ಟದ ಪದ. ರೊಮೇನಿಯನ್ ಲ್ಯಾಟಿನ್ ಮೂಲದ ಭಾಷೆ, ತಿಂಪ್ ಅಲ್ಲಿಂದಲೇ ಬಂದಿದೆ. ವ್ರೆಮೆ, ಚಾಸ್ ಎರಡೂ ಸುತ್ತಲಿನ ಸ್ಲಾವಿಕ್ ಜನರ ಒಡನಾಟದಿಂದ ಸೇರಿಕೊಂಡವು. ನಮ್ಮ ‘ಕಾಲ’ದಲ್ಲಿ ‘ಅಜ್ಜನ ಕಾಲ’ವೂ ಇದೆ, ‘ಮಳೆಗಾಲ’ವೂ ಇದೆ. ವ್ರೆಮೆಯೂ ಹಾಗೇ, ಹಳೆಯ ಕಾಲಕ್ಕೂ ಅದೇ, ಹವೆಗೂ ಅದೇ. ‘ಕುಮ್ ಯೆ ವ್ರೆಮ್ಯಾ?’ ಅಂದರೆ ಹವೆ ಹೇಗಿದೆ. ಮನೆಯ ಹಿರಿಯರು ‘ಪೆ ವ್ರೆಮ್ಯಾ ಲುಯ್ ಚೌಶೆಸ್ಕು’ ಅಂದರೆ ಚೌಶೆಸ್ಕು ಕಾಲದಲ್ಲಿ, ಅಂದರೆ ಅವನು ದೇಶ ಆಳಿದ 1965ರಿಂದ 1989ರವರೆಗಿನ ದಿನಗಳು. ರೇಷನ್, ಉದ್ದುದ್ದ ಸಾಲು, ಚಳಿಗಾಲದಲ್ಲೂ ಸರಿಯಾಗಿ ಬಿಸಿಯಾಗದ ಮನೆಗಳು ಎಲ್ಲ ಆ ಒಂದು ಮಾತಿನಲ್ಲಿ ಬಂದುಹೋಗುತ್ತವೆ.

ಬರೆಯುವಾಗ ಒಂದು ತೊಡಕಿದೆ. ‘ಓ ದಾತ’ ಬಿಡಿಸಿ ಬರೆದರೆ ಒಂದು ಸಲ. ‘ಓದಾತ’ ಅಂತ ಕೂಡಿಸಿದರೆ ಹಿಂದೊಮ್ಮೆ, ಯಾವಾಗಲೋ. ಕೇಳಲು ಎರಡೂ ಒಂದೇ, ಹಾಗಾಗಿ ರೊಮೇನಿಯನ್ನರೂ ಇದನ್ನು ತಪ್ಪು ಬರೆಯುತ್ತಾರೆ. ಅಲ್ಲಿನ ಅಜ್ಜಿಕತೆಗಳು ‘ಆ ಫೋಸ್ತ್ ಓದಾತ ಕಾ ನಿಚೋದಾತ’ ಅಂತ ಶುರುವಾಗುತ್ತವೆ. ‘ಹಿಂದೊಮ್ಮೆ ಇತ್ತು, ಎಂದೂ ಇಲ್ಲದ ಹಾಗೆ’ ಅಂತ ಅದರ ಅರ್ಥ, ನಮ್ಮ ‘ಒಂದಾನೊಂದು ಕಾಲದಲ್ಲಿ’ ಇದ್ದ ಹಾಗೆ. ಯಾರಾದರೂ ಹೊರಡಲು ತಡ ಮಾಡುತ್ತಿದ್ದರೆ ‘ಹಾಯ್ ಓದಾತ!’ ಅಂತ ಕೂಗುತ್ತಾರೆ, ಬಾರೋ ಬೇಗ ಅಂತ. ಅಲ್ಲೂ ಕೂಡಿಸಿಯೇ ಬರೆಯಬೇಕು.