ಬೆಂಚಿನಲ್ಲಿ ಕೂತ ರನ್ನಿಂಗ್ ಬ್ಯಾಕ್ ಎನ್‌ಎಫ್‌ಎಲ್ ತಲುಪುವುದು ಹೇಗೆ

ಆಸ್ಟಿನ್‌ಗೆ ಬಂದ ಹೊಸದರಲ್ಲಿ ನನಗೆ ಅಮೆರಿಕನ್ ಫುಟ್‌ಬಾಲ್ ಸ್ವಲ್ಪವೂ ಅರ್ಥವಾಗುತ್ತಿರಲಿಲ್ಲ. ಶನಿವಾರ ಬಂದರೆ ಊರಿಡೀ ಕಿತ್ತಳೆ ಬಣ್ಣ, ಯೂನಿವರ್ಸಿಟಿ ಆಫ್ ಟೆಕ್ಸಸ್ ಸ್ಟೇಡಿಯಂನಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಜನ. ಇಲ್ಲಿನ ಕನ್ನಡದ ಮನೆಗಳಲ್ಲೂ ಮಕ್ಕಳು ಟೀವಿ ಬಿಟ್ಟು ಏಳುವುದಿಲ್ಲ. ಅವರ ಜೊತೆ ಕೂತು ಕೂತು ನನಗೂ ಆಟ ಹಿಡಿಸಿತು. ಎಲ್ಲರೂ ಚೆಂಡು ಹಿಡಿದು ಓಡುವವನನ್ನು ನೋಡುತ್ತಿದ್ದರೆ ನನ್ನ ಕಣ್ಣು ಮಾತ್ರ ಗೆರೆಯಾಚೆ ಹೆಲ್ಮೆಟ್ ಹಿಡಿದು ನಿಂತವನ ಮೇಲೆ ಇರುತ್ತಿತ್ತು. ಅವನೂ ಹೈಸ್ಕೂಲಿನಲ್ಲಿ ತನ್ನ ಊರಿಗೆ ದೊಡ್ಡ ಹೆಸರು ತಂದವನೇ. ಇಲ್ಲಿಗೆ ಬಂದಾಗ ಅವನಿಗಿಂತ ಒಂದು ಹೆಜ್ಜೆ ಮುಂದಿರುವವನು ಸಿಕ್ಕ, ಅಷ್ಟೇ.

ಅಂಥ ಹುಡುಗ ದುಡ್ಡು ಕೊಡುವ ಲೀಗಿಗೆ, ಅಂದರೆ ಎನ್‌ಎಫ್‌ಎಲ್‌ಗೆ ಹೋಗಬಹುದಾ? ಮೊದಲಾದರೆ ಇದಕ್ಕೆ ಉತ್ತರ ಸುಲಭವಿತ್ತು. ಈಗ ವರ್ಷಕ್ಕೊಂದು ನಿಯಮ ಬದಲಾಗಿ ಎಲ್ಲ ಗೋಜಲಾಗಿದೆ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಪಡೆದು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಸಾಮಾನ್ಯವಾಗಿ ಮೈದಾನದಲ್ಲಿ ಒಂದು ಸಲಕ್ಕೆ ಒಬ್ಬನೇ ಇರುತ್ತಾನೆ. ಉಳಿದವರು ಕಾಯಬೇಕು. ಎನ್‌ಎಫ್‌ಎಲ್ ತಂಡಗಳು ಕಾಲೇಜಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಶುರುವಾಗಿದ್ದು 1936ರಲ್ಲಿ. ಮೊಟ್ಟಮೊದಲು ಆಯ್ಕೆಯಾದ ಶಿಕಾಗೋದ ಜೇ ಬರ್ವ್ಯಾಂಗರ್ ಕೂಡ ಚೆಂಡು ಹಿಡಿದು ಓಡುವವನೇ. ಆದರೆ ಅವನು ಆ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ, ಆಗ ಅದರಲ್ಲಿ ಅಷ್ಟು ದುಡ್ಡೇ ಇರಲಿಲ್ಲ. ಮುಂದೆ ಟೀವಿ ಬಂತು, ದುಡ್ಡು ಬಂತು, ಆಸೆಯೂ ಬಂತು. ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಟ್ಟು ಎಷ್ಟು ಹುಡುಗರನ್ನು ಬೇಕಾದರೂ ಕೂಡಿ ಹಾಕಿಕೊಳ್ಳಬಹುದಿತ್ತು. 1973ರಲ್ಲಿ ಇದಕ್ಕೆ 105ರ ಮಿತಿ ಬಂತು, ಆಮೇಲೆ ಅದು 95 ಆಯಿತು, 1994ರ ಹೊತ್ತಿಗೆ 85. ಬೇರೆ ಕಾಲೇಜಿಗೆ ಹೋಗುತ್ತೇನೆ ಅಂದವನು ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಅದಕ್ಕೇ ಹೆಚ್ಚಿನವರು ಇದ್ದಲ್ಲೇ ಕಾಯುತ್ತಿದ್ದರು.

ಕಾದವರಲ್ಲಿ ಎಲ್ಲರೂ ನೆನೆಯುವ ಹೆಸರು ಬ್ಯಾರಿ ಸ್ಯಾಂಡರ್ಸ್. 1986 ಮತ್ತು 1987ರಲ್ಲಿ ಒಕ್ಲಹಾಮ ಸ್ಟೇಟ್ ತಂಡದಲ್ಲಿ ಅವನು ಥರ್ಮನ್ ಥಾಮಸ್ ಹಿಂದೆ ಇದ್ದ. ಥಾಮಸ್ ಹೋದ ಮೇಲೆ 1988ರಲ್ಲಿ 11 ಆಟಗಳಲ್ಲಿ 2,628 ಯಾರ್ಡ್ (ಗಜ) ಓಡಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಮರುವರ್ಷ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಡೆಟ್ರಾಯಿಟ್‌ಗೆ ಹೋದ. ಆದರೆ ಅವನು ಕೊನೆಗೆ ಸ್ಟಾರ್ಟರ್, ಅಂದರೆ ಆಟದ ಶುರುವಿನಿಂದಲೇ ಇಳಿಯುವವನು ಆದ. ಆ ಸರದಿಯೇ ಸರಿಯಾಗಿ ಬಾರದವರ ಕಥೆ ಬೇರೆ.

ಟೆರೆಲ್ ಡೇವಿಸ್‌ಗೆ ಹಾಗೇ ಆಯಿತು. ಅವನು ಮೊದಲು ಸೇರಿದ ಲಾಂಗ್ ಬೀಚ್ ಸ್ಟೇಟ್ ತನ್ನ ಫುಟ್‌ಬಾಲ್ ತಂಡವನ್ನೇ ಮುಚ್ಚಿತು. ಅಲ್ಲಿಂದ ಜಾರ್ಜಿಯಾಗೆ ಬಂದರೆ ಮುಂದೆ ಗ್ಯಾರಿಸನ್ ಹರ್ಸ್ಟ್ ಇದ್ದ. ಕೊನೆಯ ವರ್ಷ ಗಾಯ. 1995ರಲ್ಲಿ ಡೆನ್ವರ್ ಅವನನ್ನು ತೆಗೆದುಕೊಂಡಿದ್ದು ಆರನೇ ಸುತ್ತಿನಲ್ಲಿ, 196ನೆಯವನಾಗಿ. ಕ್ಯಾಂಪಿನಲ್ಲೂ ಅವನ ಹೆಸರು ಪಟ್ಟಿಯ ತಳದಲ್ಲೇ ಇತ್ತು. ಟೋಕಿಯೋದಲ್ಲಿ ನಡೆದ ಒಂದು ಅಭ್ಯಾಸ ಪಂದ್ಯದಲ್ಲಿ ಕಿಕ್‌ಆಫ್, ಅಂದರೆ ಆಟ ಶುರು ಮಾಡಲು ಒದ್ದ ಚೆಂಡನ್ನು ಹಿಡಿದು ಓಡಿ ಬರುತ್ತಿದ್ದ ಎದುರಾಳಿಯನ್ನು ಅವನು ಎಂಥ ಹೊಡೆತ ಹೊಡೆದು ಕೆಡವಿದನೆಂದರೆ ಕೋಚುಗಳ ಕಣ್ಣು ಆಗ ಅವನ ಮೇಲೆ ಬಿತ್ತು. ಚೆಂಡು ಹಿಡಿದು ಓಡಲು ಬಂದ ಹುಡುಗ ಹೆಸರು ಮಾಡಿದ್ದು ಇನ್ನೊಬ್ಬನನ್ನು ಕೆಡವಿ! 1998ರಲ್ಲಿ 2,008 ಯಾರ್ಡ್ ಓಡಿದ, 2017ರಲ್ಲಿ ಫುಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ನಾರ್ತ್ ಕ್ಯಾರೊಲಿನಾದಲ್ಲಿ ಬೆಂಚು ಕಾಯಿಸಿದ ವಿಲ್ಲಿ ಪಾರ್ಕರ್‌ನನ್ನಂತೂ 2004ರ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. ಪಿಟ್ಸ್‌ಬರ್ಗ್ ತಂಡ ಆಮೇಲೆ ಸುಮ್ನೆ ಕರೆದು ನೋಡಿತು. 2006ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್‌ನಲ್ಲಿ 75 ಯಾರ್ಡ್ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ, ಸೂಪರ್ ಬೌಲ್ ಇತಿಹಾಸದಲ್ಲೇ ಅಷ್ಟು ಉದ್ದದ ಓಟ ಅದಕ್ಕಿಂತ ಮೊದಲು ಆಗಿರಲಿಲ್ಲ.

ಆಗೆಲ್ಲ ಇಂಥವನ್ನು ಅದೃಷ್ಟ ಅನ್ನುತ್ತಿದ್ದರು. ಆಮೇಲೆ ತಂಡಗಳ ಲೆಕ್ಕಾಚಾರವೇ ಬದಲಾಯಿತು. ಈ ಜಾಗದಲ್ಲಿ ಮೈ ಬೇಗ ಸವೆಯುತ್ತದೆ, ಪ್ರತಿ ಸಲ ಚೆಂಡು ಹಿಡಿದಾಗಲೂ ಮೂರು ನಾಲ್ಕು ಜನ ಮೇಲೆ ಬೀಳುತ್ತಾರೆ. ಹಾಗಾಗಿ ರನ್ನಿಂಗ್ ಬ್ಯಾಕ್‌ಗೆ ಜಾಸ್ತಿ ದುಡ್ಡು ಸುರಿಯುವುದು ಬೇಡ ಅನ್ನುವ ಮಾತು ಹಬ್ಬಿತು. 2013 ಮತ್ತು 2014ರ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ ಕೂಡ ಹೋಗಲಿಲ್ಲ. ಇದು ಆ ಜಾಗದವರಿಗೆಲ್ಲ ಪೆಟ್ಟು. ಆದರೆ ಇದರಿಂದಲೇ ಬೆಂಚಿನವನಿಗೆ ಒಂದು ದಾರಿಯೂ ಸಿಕ್ಕಿತು. ಮೈ ಸವೆಯುವುದೇ ಭಯವಾದರೆ, ಕಾಲೇಜಿನಲ್ಲಿ ಕಡಿಮೆ ಆಡಿದವನ ಕಾಲು ಇನ್ನೂ ಹೊಸದು ಅಲ್ವಾ? ಅಲಬಾಮದ ಜಾಶ್ ಜೇಕಬ್ಸ್ ಮೂರು ವರ್ಷದಲ್ಲಿ ಚೆಂಡು ಹಿಡಿದು ಓಡಿದ್ದು 251 ಸಲ ಮಾತ್ರ. 2018ರಲ್ಲಿ ಅವನಿಗಿಂತ ಜಾಸ್ತಿ ಸಲ ಓಡಿದ್ದು ಅದೇ ತಂಡದ ಡೇಮಿಯನ್ ಹ್ಯಾರಿಸ್. 2019ರಲ್ಲಿ ಜೇಕಬ್ಸ್ ಮೊದಲ ಸುತ್ತಿನಲ್ಲಿ 24ನೆಯವನಾಗಿ ಹೋದ, ಹ್ಯಾರಿಸ್ ಮೂರನೇ ಸುತ್ತಿನವರೆಗೆ ಕಾದ. 2022ರಲ್ಲಿ ಇಡೀ ಎನ್‌ಎಫ್‌ಎಲ್‌ನಲ್ಲಿ ಅತಿ ಹೆಚ್ಚು ಯಾರ್ಡ್ ಓಡಿದವನೂ ಜೇಕಬ್ಸ್.

ಈಗ ನಾನು ಕಣ್ಣಾರೆ ಕಂಡ ತಂಡಕ್ಕೆ ಬರುತ್ತೇನೆ. 2022ರ ಟೆಕ್ಸಸ್ ತಂಡದಲ್ಲಿ ಬಿಜಾನ್ ರಾಬಿನ್ಸನ್ ಇದ್ದ. 1,580 ಯಾರ್ಡ್ ಓಡಿದ, ದೇಶದ ಅತ್ಯುತ್ತಮ ರನ್ನಿಂಗ್ ಬ್ಯಾಕ್ ಅನ್ನುವ ಡೋಕ್ ವಾಕರ್ ಪ್ರಶಸ್ತಿ ಪಡೆದ. ಅವನ ಹಿಂದೆ ರೋಷಾನ್ ಜಾನ್ಸನ್. ರೋಷಾನ್ ಕಾಲೇಜಿಗೆ ಬಂದಿದ್ದು ಕ್ವಾರ್ಟರ್‌ಬ್ಯಾಕ್ ಆಗಿ. 2019ರಲ್ಲಿ ರನ್ನಿಂಗ್ ಬ್ಯಾಕ್‌ಗಳು ಒಬ್ಬೊಬ್ಬರಾಗಿ ಗಾಯಗೊಂಡಾಗ ತಂಡಕ್ಕೆ ಬೇಕಲ್ಲ ಅಂತ ಜಾಗ ಬದಲಿಸಿದ. ಮರುವರ್ಷ ಬಿಜಾನ್ ಬಂದ. ರೋಷಾನ್ ಎಲ್ಲೂ ಹೋಗಲಿಲ್ಲ. ಕೊನೆಯ ವರ್ಷ ಅವನಿಗೆ ಓಡಲು ಚೆಂಡು ಸಿಕ್ಕಿದ್ದು 93 ಸಲ, ಓಡಿದ್ದು 554 ಯಾರ್ಡ್. ಉಳಿದ ಹೊತ್ತಿನಲ್ಲಿ ಅವನು ಮಾಡುತ್ತಿದ್ದ ಕೆಲಸ ಅಂಕಿಗಳಲ್ಲಿ ಕಾಣುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿ ಬರುವ ದೈತ್ಯರಿಗೆ ಎದೆಕೊಟ್ಟು ತಡೆಯುವುದು, ಕಿಕ್‌ಆಫ್ ಮತ್ತು ಪಂಟ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಸಮಯದಲ್ಲಿ ಇಳಿಯುವ ಸ್ಪೆಷಲ್ ಟೀಮ್ಸ್‌ನಲ್ಲಿ ಓಡುವುದು. ಸ್ಟೇಡಿಯಂನಲ್ಲಿ ಜನ ತಿಂಡಿ ತರಲು ಎದ್ದು ಹೋಗುವ ಹೊತ್ತಿನ ಆಟ ಅದು. ಎನ್‌ಎಫ್‌ಎಲ್ ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಮಾತ್ರ ಎದ್ದು ಹೋಗುವುದಿಲ್ಲ. 2023ರಲ್ಲಿ ಬಿಜಾನ್ ಎಂಟನೆಯವನಾಗಿ ಅಟ್ಲಾಂಟಾಗೆ ಹೋದ, ರೋಷಾನ್ ನಾಲ್ಕನೇ ಸುತ್ತಿನಲ್ಲಿ 115ನೆಯವನಾಗಿ ಶಿಕಾಗೋಗೆ. ಆ ದಿನ ನನಗೆ ರೋಷಾನ್ ಹೆಸರು ಕೇಳಿದಾಗ ಆದ ಖುಷಿ ಬಿಜಾನ್ ಹೆಸರು ಕೇಳಿದಾಗ ಆಗಿರಲಿಲ್ಲ.

ಇನ್ನೂ ಇದೆ. ಅವರಿಬ್ಬರ ಹಿಂದೆ ಜೊನಾಥನ್ ಬ್ರೂಕ್ಸ್ ಎರಡು ವರ್ಷ ಕಾದಿದ್ದ. 2023ರಲ್ಲಿ ಸರದಿ ಬಂತು, ಸಾವಿರ ಯಾರ್ಡ್ ದಾಟಿದ. ನವೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆದರೂ 2024ರಲ್ಲಿ ಎಲ್ಲ ರನ್ನಿಂಗ್ ಬ್ಯಾಕ್‌ಗಳಿಗಿಂತ ಮೊದಲು ಹೋದವನು ಅವನೇ, 46ನೆಯವನಾಗಿ, ಕ್ಯಾರೊಲಿನಾಗೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಮೊಣಕಾಲು ಮತ್ತೆ ಹೋಯಿತು. ಇವರ ಜೊತೆಗಿದ್ದ ಕೀಲನ್ ರಾಬಿನ್ಸನ್ ಅಲಬಾಮ ಬಿಟ್ಟು ಇಲ್ಲಿಗೆ ಬಂದವನು, ಚೆಂಡು ಸಿಗುತ್ತಿದ್ದುದು ತೀರಾ ಕಡಿಮೆ. ಕಿಕ್ ಹಿಡಿದು ಓಡುವ ಕೆಲಸದಲ್ಲಿ ಚುರುಕಾಗಿದ್ದ. 2024ರ ಐದನೇ ಸುತ್ತಿನಲ್ಲಿ ಜ್ಯಾಕ್ಸನ್‌ವಿಲ್ ತೆಗೆದುಕೊಂಡಿತು. 2022ರಲ್ಲಿ ಹೊಸಬನಾಗಿ ಸೇರಿದ್ದ ಜೇಡನ್ ಬ್ಲೂ 2025ರಲ್ಲಿ ಡಾಲಸ್‌ಗೆ ಹೋದ. ಒಂದೇ ಸಾಲಿನಲ್ಲಿ ಕೂತ ಐದು ಜನ! ಹೀಗೆ ಎಲ್ಲ ಕಡೆ ಆಗುವುದಿಲ್ಲ, ನನಗೂ ಗೊತ್ತು. ಆದರೆ ಬೆಂಚಿನಲ್ಲಿ ಕೂತರೆ ಮುಗಿಯಿತು ಅನ್ನುವ ಮಾತನ್ನು ಇದನ್ನು ನೋಡಿದ ಮೇಲೆ ನಾನು ಒಪ್ಪುವುದಿಲ್ಲ.

ಈಗ ಗೋಜಲಿನ ಭಾಗ. ಕಾಲೇಜು ಬದಲಿಸುವವರ ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ 2018ರ ಅಕ್ಟೋಬರ್‌ನಲ್ಲಿ ಶುರುವಾಯಿತು. 2021ರಲ್ಲಿ ಒಂದು ಸಲ ಹೋದರೆ ವರ್ಷ ಕೂರಬೇಕಿಲ್ಲ ಅಂದರು. ಅದೇ ವರ್ಷದ ಜುಲೈ 1ರಿಂದ ಆಟಗಾರರು ಜಾಹೀರಾತು ಮುಂತಾದವುಗಳಲ್ಲಿ ತಮ್ಮ ಹೆಸರು, ಮುಖದಿಂದ ದುಡ್ಡು ಗಳಿಸಬಹುದು ಅಂತ ಆಯಿತು. 2024ರಲ್ಲಿ ಓದು ಸರಿ ಇದ್ದರೆ ಎಷ್ಟು ಸಲ ಬೇಕಾದರೂ ಹೋಗಬಹುದು ಅಂತಾಯಿತು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಪ್ರಕಾರ ಕಾಲೇಜುಗಳೇ ಆಟಗಾರರಿಗೆ ನೇರ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ. ಅದರ ಜೊತೆಗೇ ಒಂದು ಫುಟ್‌ಬಾಲ್ ತಂಡದಲ್ಲಿ 105 ಜನಕ್ಕಿಂತ ಹೆಚ್ಚು ಇರುವಂತಿಲ್ಲ ಅನ್ನುವ ಮಿತಿ.

ಹುಡುಗರಿಗೆ ದುಡ್ಡು ಬರಬೇಕಿತ್ತು, ಬಂತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಹಿಂದೆ ಕಾಯುವವನು ಬೇರೆ ದಾರಿ ಇಲ್ಲದೆ ಕಾಯುತ್ತಿದ್ದ, ಅದನ್ನು ನಿಷ್ಠೆ ಅಂತ ಹೊಗಳುವುದೂ ಸರಿಯಲ್ಲ. ಆದರೆ ಈಗ ಎರಡನೇ ಸಾಲಿನ ಹುಡುಗನ ಮೇಲೆ ಬೇರೆ ಭಾರ ಬಿದ್ದಿದೆ. ಅವನು ಎರಡು ವರ್ಷ ಕಾದು, ತಂಡದ ಎಲ್ಲ ಆಟದ ಯೋಜನೆ ಕಲಿತು, ಇನ್ನೇನು ತನ್ನ ಸರದಿ ಅನ್ನುವಾಗ ಪೋರ್ಟಲ್‌ನಿಂದ ಸಿದ್ಧ ಸ್ಟಾರ್ಟರ್ ಒಬ್ಬನನ್ನು ತಂದು ಅವನ ಮುಂದೆ ನಿಲ್ಲಿಸಬಹುದು. ಬೇಜಾರಾಗಿ ತಾನೂ ಪೋರ್ಟಲ್‌ಗೆ ಹೋದರೆ ಅಲ್ಲಿ ಎಲ್ಲರಿಗೂ ಜಾಗ ಸಿಗುವುದಿಲ್ಲ, ಹಳೆಯ ಸ್ಕಾಲರ್‌ಶಿಪ್ ಇಟ್ಟುಕೊಳ್ಳಲೇಬೇಕು ಅಂತ ಕಾಲೇಜಿಗೂ ಇಲ್ಲ. 105ರ ಮಿತಿ ಬಂದ ಮೇಲೆ ದುಡ್ಡಿಲ್ಲದೆ ಬಂದು ಅಭ್ಯಾಸ ಮಾಡುತ್ತಾ ಮೇಲೆ ಬರುವವರಿಗೂ ಜಾಗ ಕಡಿಮೆ.

ಹಾಗಂತ ಹೋಗಿದ್ದೆಲ್ಲ ತಪ್ಪಲ್ಲ. ಆಲ್ವಿನ್ ಕಮಾರ ಪೋರ್ಟಲ್ ಬರುವ ಮೊದಲೇ ಅಲಬಾಮ ಬಿಟ್ಟ, ಕಾನ್ಸಸ್‌ನ ಹಚಿನ್ಸನ್ ಕಮ್ಯುನಿಟಿ ಕಾಲೇಜಿಗೆ ಹೋದ, ಅಲ್ಲಿಂದ ಟೆನೆಸೀಗೆ ಬಂದು ಮತ್ತೆ ಇನ್ನೊಬ್ಬನ ಜೊತೆ ಸರದಿ ಹಂಚಿಕೊಂಡ. 2017ರಲ್ಲಿ ಮೂರನೇ ಸುತ್ತಿನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಆ ವರ್ಷದ ಅತ್ಯುತ್ತಮ ಹೊಸ ಆಟಗಾರನಾದ. ಅದೇ ಅಲಬಾಮದಲ್ಲಿ ಬ್ರಯನ್ ರಾಬಿನ್ಸನ್ ನಾಲ್ಕು ವರ್ಷ ಕಾದ. ಅವನ ಊರೇ ಆ ಕಾಲೇಜು ಇರುವ ಟಸ್ಕಲೂಸಾ. ಕೋವಿಡ್ ಕೊಟ್ಟ ಹೆಚ್ಚಿನ ವರ್ಷ ಬಳಸಿಕೊಂಡು 2021ರಲ್ಲಿ ಸ್ಟಾರ್ಟರ್ ಆಗಿ 1,343 ಯಾರ್ಡ್ ಓಡಿದ. ಅವನೂ ಮೂರನೇ ಸುತ್ತಿನಲ್ಲೇ ವಾಷಿಂಗ್ಟನ್‌ಗೆ ಹೋದ.

ಡ್ರಾಫ್ಟ್ ಆದರೂ ಕೆಲಸ ಸಿಕ್ಕಿತು ಅಂತಲ್ಲ. ಏಳೇ ಸುತ್ತು, ಸುಮಾರು 257 ಹೆಸರು. ಬೇಸಿಗೆಯ ಕ್ಯಾಂಪಿನಲ್ಲಿ ಒಂದು ತಂಡದಲ್ಲಿ 90 ಜನ, ಆಗಸ್ಟ್ ಕೊನೆಗೆ ಉಳಿಯುವುದು 53, ಇನ್ನು ಹದಿನಾರು ಹದಿನೇಳು ಜನ ಅಭ್ಯಾಸಕ್ಕೆಂದು ಇಟ್ಟುಕೊಳ್ಳುವ ಪ್ರಾಕ್ಟಿಸ್ ಸ್ಕ್ವಾಡ್‌ನಲ್ಲಿ. ಆ 53ರಲ್ಲಿ ರನ್ನಿಂಗ್ ಬ್ಯಾಕ್‌ಗಳು ಮೂರೋ ನಾಲ್ಕೋ. ಮೂರನೆಯವನನ್ನು ಆರಿಸುವಾಗ ಕೋಚ್ ಕೇಳುವುದು ಕಾಲೇಜಿನಲ್ಲಿ ಎಷ್ಟು ಯಾರ್ಡ್ ಓಡಿದೆ ಅಂತಲ್ಲ. ಭಾನುವಾರ ಕಿಕ್‌ಆಫ್ ಆದಾಗ ಇವನನ್ನು ಮೈದಾನಕ್ಕೆ ಕಳಿಸಬಹುದಾ ಅಂತ. ನಮ್ಮ ಪಕ್ಕದ ಮನೆಯ ಹುಡುಗನೂ ಹೈಸ್ಕೂಲ್ ತಂಡದಲ್ಲಿ ಎರಡನೇ ರನ್ನಿಂಗ್ ಬ್ಯಾಕ್. ಮೊನ್ನೆ ಶುಕ್ರವಾರ ರಾತ್ರಿ ಆಟ ನೋಡಲು ಹೋಗಿದ್ದೆ. ಅವನಿಗೆ ಓಡಲು ಚೆಂಡು ಸಿಕ್ಕಿದ್ದು ಎರಡು ಸಲ. ಆದರೆ ಪ್ರತಿ ಕಿಕ್‌ಆಫ್‌ಗೂ ಎಲ್ಲರಿಗಿಂತ ಮೊದಲು ಮೈದಾನದ ಆಚೆ ಕಡೆಗೆ ಓಡಿ ಮುಟ್ಟುತ್ತಿದ್ದವನು ಅವನೇ.