ಚಿಪ್ ಡಿಸೈನ್ ಬೆಂಗಳೂರಲ್ಲಿ, ಫ್ಯಾಕ್ಟರಿ ಗುಜರಾತಲ್ಲಿ: ಯಾಕೆ ಹೀಗೆ?

ಓದುಗರ ಪ್ರಶ್ನೆ: ಚಿಪ್ ಕಂಪನಿಗಳೆಲ್ಲ ಬೆಂಗಳೂರಲ್ಲೇ ಇವೆ. ಆದರೂ ಕೇಂದ್ರದ ಸೆಮಿಕಂಡಕ್ಟರ್ ಮಿಷನ್‌ನಲ್ಲಿ ನಮಗೊಂದು ಫ್ಯಾಕ್ಟರಿ ಯಾಕೆ ಬರಲಿಲ್ಲ?

ಉತ್ತರ: ಚಿಪ್ ಡಿಸೈನ್ ಒಂದು ಕೆಲಸ, ಚಿಪ್ ತಯಾರಿಕೆ ಬೇರೆಯೇ ಕೆಲಸ. ಡಿಸೈನ್‌ಗೆ ಎಂಜಿನಿಯರ್‌ಗಳು, ಕಂಪ್ಯೂಟರ್, ದುಬಾರಿ ಸಾಫ್ಟ್‌ವೇರ್ ಇದ್ದರೆ ಆಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದಿದ್ದು ಎಂಜಿನಿಯರ್‌ಗಳನ್ನು ನಂಬಿಕೊಂಡೇ. ಆಮೇಲೆ ಇಂಟೆಲ್, ಕ್ವಾಲ್ಕಾಮ್, ಎಎಂಡಿ ಎಲ್ಲ ಬಂದವು.

ಫ್ಯಾಬ್, ಅಂದರೆ ಚಿಪ್ ತಯಾರಿಸುವ ಫ್ಯಾಕ್ಟರಿಯ ಕಥೆ ಹಾಗಲ್ಲ. ಒಂದು ಸಿಲಿಕಾನ್ ಬಿಲ್ಲೆ ನೂರಾರು ಹಂತ ದಾಟಿ ಹೊರಬರಲು ಎರಡು-ಮೂರು ತಿಂಗಳು ಬೇಕು. ನಡುನಡುವೆ ಅದನ್ನು ಅತಿ ಶುದ್ಧ ನೀರಲ್ಲಿ ತೊಳೆಯುತ್ತಲೇ ಇರಬೇಕು. ದಿನಕ್ಕೆ ಲಕ್ಷಗಟ್ಟಲೆ ಲೀಟರ್. ಕರೆಂಟ್ ಒಂದು ಕ್ಷಣ ಹೋದರೂ ಒಳಗಿರುವ ಬಿಲ್ಲೆಗಳು ಹಾಳಾಗಬಹುದು. ನಾವೋ ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಕುಡಿಯುವವರು. 2024ರ ಬೇಸಿಗೆ ನೆನಪಿದೆ ಅಲ್ವಾ?

ದುಡ್ಡಿನ ಲೆಕ್ಕವೂ ಇದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಈ ಮಿಷನ್‌ಗೆ 76,000 ಕೋಟಿ ರೂಪಾಯಿ ತೆಗೆದಿಟ್ಟಿತು. ಫ್ಯಾಬ್ ಖರ್ಚಿನ ಅರ್ಧ ಅದೇ ಕೊಡುತ್ತದೆ. ಗುಜರಾತ್ 2022ರಲ್ಲೇ ಸೆಮಿಕಂಡಕ್ಟರ್‌ಗೆಂದು ಬೇರೆ ನೀತಿ ತಂದು ಅದರ ಮೇಲೆ ತನ್ನ ಪಾಲೂ ಸೇರಿಸಿತು. 91,000 ಕೋಟಿಯ ಟಾಟಾ ಫ್ಯಾಬ್ ಗುಜರಾತಿನ ಧೊಲೇರಾಕ್ಕೆ ಹೋಯಿತು. 2022ರಲ್ಲಿ ಒಪ್ಪಂದವಾಗಿ ಮೈಸೂರಿಗೆ ಬರಬೇಕಿದ್ದ 22,900 ಕೋಟಿಯ ಫ್ಯಾಬ್ ಕೈಗೂಡಲಿಲ್ಲ. ಮೈಸೂರಿನದೇ ಕಂಪನಿ ಕೇನ್ಸ್ ಕೂಡ ಚಿಪ್‌ಗೆ ಕವಚ ಹಾಕಿ ಸಿದ್ಧ ಮಾಡುವ ಪ್ಯಾಕೇಜಿಂಗ್ ಘಟಕ ಹಾಕಿದ್ದು ಗುಜರಾತಿನ ಸಾನಂದ್‌ನಲ್ಲಿ. ಬೇಜಾರಾಗುತ್ತದೆ, ನಿಜ.

ಆದರೆ ಫ್ಯಾಬ್ ಸಿಗದಿದ್ದಕ್ಕಿಂತ ನನಗೆ ಜಾಸ್ತಿ ಚುಚ್ಚುವುದು ಬೇರೆ. ನಮ್ಮ ಹುಡುಗ-ಹುಡುಗಿಯರು ಇಲ್ಲಿ ಕೂತು ಮಾಡುವ ಡಿಸೈನ್‌ನ ಹಕ್ಕು ಬಹುಪಾಲು ಹೊರದೇಶದ ಕಂಪನಿಗಳದ್ದು. ಸ್ವಂತ ಚಿಪ್ ಮಾಡಲು ಹೊರಟ ಸಣ್ಣ ಕಂಪನಿಯ ಪಾಡು ನೋಡಿ. ಡಿಸೈನ್ ಮುಗಿಸಿ ಫ್ಯಾಬ್‌ಗೆ ಕಳಿಸುವುದನ್ನು ಟೇಪ್‌ಔಟ್ ಅನ್ನುತ್ತಾರೆ. ಕಳಿಸಿದ ಮೇಲೆ ಒಂದೇ ಒಂದು ಜೋಡಣೆ ತಪ್ಪಿದ್ದು ಗೊತ್ತಾದರೂ ಹೊಸ ಮಾಸ್ಕ್ (ಡಿಸೈನನ್ನು ಬಿಲ್ಲೆ ಮೇಲೆ ಮೂಡಿಸುವ ಅಚ್ಚು) ಮಾಡಿಸಬೇಕು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಸಂಬಳ ಕೊಡುವವರು ಯಾರು?

2021ರ ಯೋಜನೆಯಲ್ಲಿ ಇಂಥವರಿಗೆಂದೇ ಡಿಎಲ್‌ಐ, ಅಂದರೆ ಚಿಪ್ ಡಿಸೈನ್‌ಗೆ ಪ್ರೋತ್ಸಾಹಧನ, ಎಂಬ ನೆರವು ಇಟ್ಟರು. ಖರ್ಚಿನ ಅರ್ಧ, ಹೆಚ್ಚೆಂದರೆ 15 ಕೋಟಿ. 5 ನ್ಯಾನೋಮೀಟರ್‌ನಂಥ ಅತಿ ಸೂಕ್ಷ್ಮ ಚಿಪ್ಪಿನ ಮಾಸ್ಕ್‌ಗಳಿಗೇ ಅದು ಸಾಲದು. ನಮ್ಮ ಸಂಸದರು ದೆಹಲಿಯಲ್ಲಿ ಪಟ್ಟು ಹಿಡಿಯಬೇಕಾದದ್ದು ಈ ಮಿತಿ ಏರಿಸುವ ಬಗ್ಗೆ. ಅದು ಗುಜರಾತಿಗೂ ಒಳ್ಳೆಯದೇ: ಧೊಲೇರಾದ ಗುರಿ ತಿಂಗಳಿಗೆ 50,000 ಬಿಲ್ಲೆ. ಅಷ್ಟಕ್ಕೆ ಆರ್ಡರ್ ಬೇಕಲ್ಲ? ಮೀಟರ್, ಕಾರು, ಚಾರ್ಜರ್‌ಗಳಿಗೆ ಬೇಕಾದ ಚಿಪ್‌ಗಳ ಆರ್ಡರ್ ಬೆಂಗಳೂರಿನ ಕಂಪನಿಗಳ ಹೆಸರಲ್ಲೇ ಹೋಗಲಿ.