ವಿದೇಶಿ ಪಾಸ್‌ಪೋರ್ಟ್ ಇದ್ದವರು ಹಿಮಾಲಯದ ಊರಲ್ಲಿ ನೆಲೆಸಬಹುದಾ?

ಪ್ರಶ್ನೆ: ನಾನು ಮೈಸೂರಿನವನು, ಈಗ ಅಮೆರಿಕದ ಪ್ರಜೆ. ಒಸಿಐ ಕಾರ್ಡ್ (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದೆ. ಹೆಂಡತಿ ಅಲ್ಲಿಯವರೇ. ನಿವೃತ್ತಿಯಾದ ಮೇಲೆ ಮಸ್ಸೂರಿ ಪಕ್ಕದ ಲಂಡೂರ್‌ನಂಥ ಗಲಾಟೆಯಿಲ್ಲದ ಊರಲ್ಲಿ ಒಂದು ಮನೆ ತಗೊಂಡು ಇದ್ದುಬಿಡೋಣ ಅಂತ ಆಸೆ. ಆಗುತ್ತಾ?

ಉತ್ತರ: ಇರುವುದಕ್ಕೆ ಖಂಡಿತ ಆಗುತ್ತದೆ. ಮನೆ ಕೊಳ್ಳುವುದು ಬೇರೆ ಕಥೆ. ಎರಡನ್ನೂ ಒಂದೇ ಗಂಟು ಕಟ್ಟಿ ಕೇಳುವುದರಿಂದಲೇ ಗೊಂದಲ ಜಾಸ್ತಿ. ಬಿಡಿಸಿ ನೋಡೋಣ.

ಮೊದಲು ಇರುವ ವಿಚಾರ. ನಿಮಗೆ ಒಸಿಐ ಇರುವುದರಿಂದ ಎಷ್ಟು ದಿನ ಬೇಕಾದರೂ ಇರಬಹುದು, ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕಿಲ್ಲ. ಹಾಗಂತ ಎಲ್ಲಕ್ಕೂ ಪರವಾನಗಿ ಸಿಕ್ಕಿತು ಅಂದುಕೊಳ್ಳಬೇಡಿ. ಪರ್ವತಾರೋಹಣ, ಪತ್ರಿಕೋದ್ಯಮ, ಸಂಶೋಧನೆ, ಧರ್ಮಪ್ರಚಾರಕ್ಕೆ ವಿಶೇಷ ಅನುಮತಿ ಬೇಕು. ಗಡಿ ಹತ್ತಿರದ ಸಂರಕ್ಷಿತ ಪ್ರದೇಶಗಳಿಗೂ ಪರ್ಮಿಟ್ ಬೇಕು. ನಿಮ್ಮ ಹೆಂಡತಿಗೂ ಒಸಿಐ ಸಿಗಬಹುದು. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿರಬೇಕು. ಅಲ್ಲಿಯವರೆಗೆ ಎಂಟ್ರಿ ವೀಸಾ, ಅಂದರೆ ಎಕ್ಸ್ ವೀಸಾ ಇದೆ. ಅದು 180 ದಿನಕ್ಕಿಂತ ಹೆಚ್ಚಿನದಾದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು.

ಭಾರತದ ನಂಟೇ ಇಲ್ಲದ ವಿದೇಶಿಯರ ಪಾಡು ಕಷ್ಟದ್ದು. ನಮ್ಮಲ್ಲಿ ನಿವೃತ್ತರ ವೀಸಾ ಇಲ್ಲ, ಲ್ಯಾಪ್‌ಟಾಪ್ ಹಿಡಿದು ಬರುವವರಿಗೆಂದು ಬೇರೆ ವೀಸಾನೂ ಇಲ್ಲ. ಐದು ವರ್ಷದ ಇ-ಟೂರಿಸ್ಟ್ ವೀಸಾ ಇದ್ದರೂ ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ದಾಟುವಂತಿಲ್ಲ. ಅರ್ಧ ವರ್ಷ ಇದ್ದು ಹೋಗುವುದನ್ನು ನೆಲೆಸುವುದು ಅನ್ನೋಕಾಗಲ್ಲ, ಅಲ್ವಾ?

ಈಗ ಮನೆ. ಕೇಂದ್ರದ ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮದ ಪ್ರಕಾರ ಒಸಿಐ ಇರುವವರು ಮನೆ, ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ‘ಸೇಬಿನ ತೋಟದ ಮಧ್ಯೆ ಪುಟ್ಟ ಮನೆ’ ಎಂಬ ಕನಸು ಇಲ್ಲಿಗೇ ಮುಗಿಯಿತು. ಹೆಂಡತಿಗೆ ಒಸಿಐ ಇಲ್ಲದಿದ್ದರೂ ಮದುವೆಯಾಗಿ ಎರಡು ವರ್ಷವಾಗಿದ್ದರೆ ನಿಮ್ಮ ಜೊತೆ ಜಂಟಿಯಾಗಿ ಒಂದು ಆಸ್ತಿ ಮಾಡಬಹುದು.

ಇಷ್ಟು ಓದಿ ಖುಷಿಪಡುವ ಹೊತ್ತಿಗೆ ರಾಜ್ಯದ ಕಾನೂನು ಅಡ್ಡ ಬರುತ್ತದೆ. ಹಿಮಾಚಲದಲ್ಲಿ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಸೆಕ್ಷನ್ ಇದೆ. ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಮಾಡುವಂತಿಲ್ಲ. ನೀವು ಅಮೆರಿಕದವರೋ ಬೆಂಗಳೂರಿನವರೋ ಎಂಬುದು ಅದಕ್ಕೆ ಮುಖ್ಯವಲ್ಲ. ಶಿಮ್ಲಾದಲ್ಲೇ ಹುಟ್ಟಿ ಬೆಳೆದ ವ್ಯಾಪಾರಿಗೂ ಅದೇ ನಿಯಮ. ನಮ್ಮವರಿಗೆ ಇದು ಹೊಸದಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯಲ್ಲೂ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುವ 79ಎ, 79ಬಿ ಸೆಕ್ಷನ್‌ಗಳಿದ್ದವು, 2020ರಲ್ಲಿ ತೆಗೆದರು. ಹಿಮಾಚಲ ಹಿಡಿದ ಪಟ್ಟು ಬಿಟ್ಟಿಲ್ಲ.

ಲಂಡೂರ್ ಇರುವುದು ಉತ್ತರಾಖಂಡದಲ್ಲಿ. ಅಲ್ಲಿ ನಗರಸಭೆ ಮತ್ತು ಕಂಟೋನ್ಮೆಂಟ್ (ಸೇನೆಯ ದಂಡು ಪ್ರದೇಶ) ಗಡಿಯ ಆಚೆ, ಹೊರಗಿನವರು ವಾಸಕ್ಕೆಂದು ಕೊಳ್ಳಬಹುದಾದದ್ದು 250 ಚದರ ಮೀಟರ್ ಮಾತ್ರ. ನಮ್ಮ 40×60 ಸೈಟಿಗಿಂತ ಒಂದಿಷ್ಟು ಜಾಸ್ತಿ, ಅಷ್ಟೇ. 2025ರ ತಿದ್ದುಪಡಿಯ ನಂತರ, ಹರಿದ್ವಾರ ಮತ್ತು ಉಧಮ್ ಸಿಂಗ್ ನಗರ ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಹೊರಗಿನವರಿಗೆ ಕೃಷಿ ಭೂಮಿಯ ಬಾಗಿಲು ಮುಚ್ಚಿದೆ. ಇನ್ನು ಲಂಡೂರ್ ಕಂಟೋನ್ಮೆಂಟ್ ಪ್ರದೇಶ. ಹೊಸ ಕಟ್ಟಡ ಏಳುವುದೇ ಅಪರೂಪ. ಆ ದೇವದಾರು ಮರಗಳು ಉಳಿದಿರುವುದಕ್ಕೆ ಅದೂ ಒಂದು ಕಾರಣ. ಕಂಟೋನ್ಮೆಂಟ್‌ಗಳಲ್ಲಿ ‘ಓಲ್ಡ್ ಗ್ರ್ಯಾಂಟ್’ ಎಂಬ ಬ್ರಿಟಿಷರ ಕಾಲದ ಏರ್ಪಾಡೂ ಇದೆ. ಕಟ್ಟಡ ನಿಮ್ಮದು, ನೆಲ ಸರ್ಕಾರದ್ದು. ಪತ್ರ ನೋಡದೆ ಅಡ್ವಾನ್ಸ್ ಕೊಡಬೇಡಿ.

‘ನನ್ನ ಹೆಸರಲ್ಲಿ ಮಾಡೋಣ, ಮನೆ ನಿಮ್ಮದೇ’ ಎನ್ನುವವರು ಎಲ್ಲ ಬೆಟ್ಟದೂರಲ್ಲೂ ಸಿಗುತ್ತಾರೆ. ಅದು ಬೇನಾಮಿ. ಸಿಕ್ಕಿಬಿದ್ದರೆ ಆಸ್ತಿ ಸರ್ಕಾರಕ್ಕೆ, ಹಣ ನೀರಿಗೆ. ಸುಮ್ನೆ ಆ ದಾರಿಗೆ ಹೋಗಬೇಡಿ.

ನನ್ನ ಸಲಹೆ ಬಾಡಿಗೆ ಮನೆ. 11 ತಿಂಗಳ ಕರಾರು ಮಾಡಿಕೊಳ್ಳಿ. ಮಾಲೀಕರು ಮಾತ್ರ ಹಿಂದೇಟು ಹಾಕಬಹುದು. ಕಾರಣ ನಿಮ್ಮ ಮುಖವಲ್ಲ, ಜನ ಸಿ-ಫಾರಂ ಎಂದೇ ಕರೆಯುವ, ವಿದೇಶಿಯರ ವಾಸದ ಮಾಹಿತಿ ಕೊಡುವ ಫಾರಂ. ವಿದೇಶಿಯರು ಬಂದು ಇಳಿದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ, ಫೋಟೋ ಎಲ್ಲ ಆನ್‌ಲೈನಿನಲ್ಲಿ ತುಂಬಬೇಕಾದವರು ಮನೆ ಮಾಲೀಕರು. ಜೊತೆಗೆ ಪೊಲೀಸ್ ವೆರಿಫಿಕೇಶನ್. ಹೋಮ್‌ಸ್ಟೇ ನಡೆಸುವವರಿಗೆ ಇದು ದಿನದ ಕೆಲಸ. ಮಕ್ಕಳೆಲ್ಲ ಡೆಹ್ರಾಡೂನಿನಲ್ಲಿದ್ದು ತಾವೊಬ್ಬರೇ ಮೇಲೆ ಇರುವ ಅಜ್ಜಿಗೆ ಲಾಗಿನ್ ಮಾಡುವುದೇ ತಲೆನೋವು. ಜೆರಾಕ್ಸ್, ಫೋಟೋ ಎಲ್ಲ ಮೊದಲೇ ತಯಾರಿಟ್ಟುಕೊಂಡು, ‘ಕೂತು ತುಂಬೋದಕ್ಕೆ ನಾನೇ ಸಹಾಯ ಮಾಡ್ತೀನಿ’ ಅನ್ನಿ. ಅರ್ಧ ಹಿಂಜರಿಕೆ ಅಲ್ಲೇ ಕರಗುತ್ತದೆ.

ಮನೆ ನೋಡುವುದಕ್ಕೆ ಅಕ್ಟೋಬರಿನಲ್ಲಿ ಮಾತ್ರ ಹೋಗಬೇಡಿ. ಆಕಾಶ ತಿಳಿಯಾಗಿ ಹಿಮಶಿಖರ ಸಾಲಾಗಿ ಕಾಣುತ್ತಿರುತ್ತವೆ, ಯಾವ ಮನೆಯೂ ಚೆನ್ನಾಗೇ ಕಾಣುತ್ತದೆ. ಜನವರಿಯಲ್ಲಿ ಹೋಗಿ. ಲಂಡೂರ್ ಸುಮಾರು 7,500 ಅಡಿ ಎತ್ತರದಲ್ಲಿದೆ. ನಲ್ಲಿಯ ಪೈಪಿನಲ್ಲಿ ನೀರು ಹೆಪ್ಪುಗಟ್ಟುತ್ತದಾ, ಬುಖಾರಿ ಒಲೆಯ ಹೊಗೆಕೊಳವೆ ಸರಿಯಿದೆಯಾ, ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಗ್ಯಾಸ್ ಸಿಲಿಂಡರ್ ಬಾಗಿಲವರೆಗೆ ಬರುತ್ತದಾ ಎಂದು ಕೇಳಿ. ಆಮೇಲೆ ಜುಲೈ–ಆಗಸ್ಟ್‌ನಲ್ಲಿ ಇನ್ನೊಮ್ಮೆ. ಮಲೆನಾಡಿನವರಿಗೆ ಬೂಷ್ಟು ಹಿಡಿದ ಚಪ್ಪಲಿ ಹೊಸದಲ್ಲ, ಆದರೆ ಗುಡ್ಡ ಕುಸಿದು ಡೆಹ್ರಾಡೂನ್ ರಸ್ತೆ ಮುಚ್ಚುವುದು ಬೇರೆಯೇ ಚಿಂತೆ. 2023ರಲ್ಲಿ ಜೋಶಿಮಠದ ಮನೆಗಳು ಬಿರುಕು ಬಿಟ್ಟಿದ್ದು ನೆನಪಿದೆಯಲ್ಲ? ಮನೆ ಬಂಡೆಯ ಮೇಲಿದೆಯೋ ತುಂಬಿಸಿದ ಮಣ್ಣಿನ ಮೇಲೋ ಎಂಬುದು ಕಿಟಕಿಯಿಂದ ಏನು ಕಾಣುತ್ತದೆ ಎಂಬುದಕ್ಕಿಂತ ಮುಖ್ಯ. ಮೇ–ಜೂನ್‌ನಲ್ಲಿ ಪ್ರವಾಸಿಗರ ದಂಡು, ನೀರಿನ ಕೊರತೆ. ಗಲಾಟೆಯಿಲ್ಲದ ಊರು ಎಂಬ ಮಾತು ಆ ಎರಡು ತಿಂಗಳಿಗೆ ಅನ್ವಯಿಸುವುದಿಲ್ಲ.

ಭಾಷೆಯ ವಿಚಾರದಲ್ಲಿ ಮಾತ್ರ ಲಂಡೂರಿಗೆ ಹೆಚ್ಚು ಅಂಕ. ಹಳೆಯ ಕೆಲಾಗ್ ಚರ್ಚ್ ಕಟ್ಟಡದಲ್ಲಿ ನಡೆಯುವ ಭಾಷಾ ಶಾಲೆ ವಿದೇಶಿಯರಿಗೆ ಹಿಂದಿ ಕಲಿಸುವುದಕ್ಕೇ ಹೆಸರುವಾಸಿ. ನಿಮ್ಮ ಹೆಂಡತಿಗೆ ಹಿಂದಿಯ ಜೊತೆ ಊರಿನ ಪರಿಚಯವೂ ಆಗುತ್ತದೆ. ನಿಮ್ಮ ಮೈಸೂರು ಹಿಂದಿಗೂ ಸ್ವಲ್ಪ ಸಾಣೆ ಸಿಕ್ಕರೆ ನಷ್ಟವೇನಿಲ್ಲ.

ಕೊನೆಯದು ಆಸ್ಪತ್ರೆ. ಲಂಡೂರಿನಲ್ಲೇ ಒಂದು ಆಸ್ಪತ್ರೆ ಇದೆ, ಸಣ್ಣಪುಟ್ಟದಕ್ಕೆ ಸಾಕು. ಹೃದಯದ ತೊಂದರೆ, ಮಿದುಳಿನ ಆಘಾತ ಎಂದರೆ ಡೆಹ್ರಾಡೂನಿಗೆ ಇಳಿಯಬೇಕು. ಸುಮಾರು 35 ಕಿ.ಮೀ. ತಿರುವಿನ ದಾರಿ, ವಾರಾಂತ್ಯದಲ್ಲಿ ಟ್ರಾಫಿಕ್ ಬೇರೆ. ಇಬ್ಬರಲ್ಲಿ ಯಾರಿಗಾದರೂ ಹೃದಯದ ಮಾತ್ರೆ ನಡೆಯುತ್ತಿದ್ದರೆ ಡೆಹ್ರಾಡೂನಿನ ರಾಜಪುರ ರಸ್ತೆ ಕಡೆ ಮನೆ ಹಿಡಿದು, ಬೇಸಿಗೆಯ ಕೆಲವು ತಿಂಗಳು ಮೇಲೆ ಹೋಗಿ ಬರುವುದೇ ಸರಿ ಎನ್ನುತ್ತೇನೆ.